ಕೋಳಿಯ ಪುಕ್ಕ ಉದುರುತ್ತಿದೆಯೇ? ಮೈಯಲ್ಲಿ ಎಲ್ಲಿ ಬೋಳಾಗಿದೆ ನೋಡಿ

ಬೆಳಗ್ಗೆ ಗೂಡಿನ ಬಾಗಿಲು ತೆಗೆದಾಗ ನೆಲದ ಮೇಲೆ ಹಿಡಿ ತುಂಬುವಷ್ಟು ಪುಕ್ಕ ಬಿದ್ದಿದ್ದರೆ, ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಿಕೊಂಡವರ ಎದೆ ಧಸಕ್ಕೆನ್ನುವುದು ಸಹಜ. ಹೇನು ಬಿದ್ದಿರಬೇಕು ಎಂದುಕೊಂಡು ಕೂಡಲೇ ಅಂಗಡಿಯಿಂದ ಪುಡಿ ತಂದು ಹಚ್ಚುವವರೇ ಹೆಚ್ಚು. ಮೊದಲ ವರ್ಷ ನಾನೂ ಹಾಗೆಯೇ ಮಾಡಿದ್ದೆ. ಒಂದೂವರೆ ವರ್ಷ ತುಂಬಿದ ಸ್ವರ್ಣಧಾರಾ ತಳಿಯ ಹ್ಯಾಟೆಯೊಂದಕ್ಕೆ ಎರಡು ಬಾರಿ ಪುಡಿ ಹಚ್ಚಿದರೂ ಪುಕ್ಕ ಉದುರುವುದು ನಿಲ್ಲಲಿಲ್ಲ. ಏಕೆಂದರೆ ಅದರ ಮೈಯಲ್ಲಿ ಹೇನೇ ಇರಲಿಲ್ಲ, ಅದು ಹಳೆಯ ಪುಕ್ಕ ಕಳಚಿ ಹೊಸ ಪುಕ್ಕ ಪಡೆಯುವ ಕಾಲದಲ್ಲಿತ್ತು. ಆಗಿನಿಂದ ಔಷಧಿ ಮುಟ್ಟುವ ಮೊದಲು ಎರಡು ಸಂಗತಿಗಳನ್ನು ನೋಡುವುದು ರೂಢಿಯಾಗಿದೆ: ಪುಕ್ಕ ಹೋಗಿರುವುದು ಮೈಯ ಯಾವ ಭಾಗದಲ್ಲಿ, ಹೋದ ಜಾಗದ ಚರ್ಮ ಹೇಗಿದೆ. ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಇವೆರಡರಲ್ಲಿಯೇ ಸಿಕ್ಕಿಬಿಡುತ್ತದೆ.

ಕೋಳಿಯನ್ನು ಹಗಲು ಹೊತ್ತು ಅಟ್ಟಿಸಿಕೊಂಡು ಹೋಗಿ ಹಿಡಿಯಬಾರದು. ಗಾಬರಿಬಿದ್ದ ಕೋಳಿ ಹಿಡಿದವರ ಕೈಯಲ್ಲೇ ಒಂದಿಷ್ಟು ಪುಕ್ಕ ಬಿಟ್ಟು ಓಡುತ್ತದೆ. ಬೆಕ್ಕು, ಮುಂಗುಸಿ ಬಾಯಿ ಹಾಕಿದಾಗಲೂ ಆಗುವುದು ಇದೇ. ಆದುದರಿಂದ ಒಂದೇ ರಾತ್ರಿಯಲ್ಲಿ ಒಂದೇ ಜಾಗದಲ್ಲಿ ರಾಶಿ ಪುಕ್ಕ ಬಿದ್ದಿದ್ದರೆ ಮೊದಲು ಗೂಡಿನ ಜಾಲರಿ ಹರಿದಿದೆಯೇ ಎಂದು ನೋಡುವುದು ಒಳ್ಳೆಯದು. ಪರೀಕ್ಷೆಗೆ ಸರಿಯಾದ ಹೊತ್ತೆಂದರೆ ಕತ್ತಲಾದ ಮೇಲೆ, ಅವು ಅಡ್ಡಗೋಲಿನ ಮೇಲೆ ಕುಳಿತು ಮಂಪರಿಗೆ ಜಾರಿದಾಗ. ಕೋಳಿಯನ್ನು ಮೆಲ್ಲಗೆ ಎತ್ತಿ, ರೆಕ್ಕೆಗಳು ಬಡಿಯದಂತೆ ಕಂಕುಳಲ್ಲಿ ಒತ್ತಿಕೊಂಡು, ಮನೆಯವರೊಬ್ಬರಿಗೆ ಟಾರ್ಚ್ ಹಿಡಿಯಲು ಹೇಳಿ, ನೆತ್ತಿ, ಕುತ್ತಿಗೆ, ಬೆನ್ನು, ರೆಕ್ಕೆಯ ಅಡಿ, ಎದೆ, ಬಾಲದ ಬುಡ, ಕೊನೆಗೆ ಗುದದ್ವಾರದ ಸುತ್ತ, ಹೀಗೆ ಒಂದೇ ಕ್ರಮದಲ್ಲಿ ನೋಡುತ್ತ ಹೋಗಬೇಕು. ಪುಕ್ಕ ಬುಡಸಮೇತ ಬಿದ್ದಿದೆಯೇ ಅಥವಾ ನಡುವೆ ಮುರಿದು ಮೋಟು ಉಳಿದಿದೆಯೇ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳಿ. ಬುಡಸಮೇತ ಬಿದ್ದಿದ್ದರೆ ಅದು ತಾನಾಗಿ ಕಳಚಿರಬಹುದು, ಇಲ್ಲವೇ ಯಾರೋ ಕಿತ್ತಿರಬಹುದು. ಮೋಟು ಉಳಿದಿದ್ದರೆ ಉಜ್ಜಿಯೋ ತುಳಿದೋ ಸವೆದಿದೆ ಎಂದರ್ಥ.

ನೆತ್ತಿ ಮತ್ತು ಕುತ್ತಿಗೆಯಿಂದ ಆರಂಭವಾಗಿ ಎದೆ, ಬೆನ್ನು, ರೆಕ್ಕೆ, ಬಾಲದವರೆಗೆ ಪುಕ್ಕ ಉದುರುತ್ತ ಬಂದಿದ್ದರೆ, ಚರ್ಮ ಗಾಯವಿಲ್ಲದೆ ಸ್ವಚ್ಛವಾಗಿದ್ದರೆ, ಬೋಳಾದ ಕಡೆ ಬೆರಳಾಡಿಸಿದಾಗ ನೀಲಿ ಛಾಯೆಯ ಸಣ್ಣ ಮುಳ್ಳುಗಳಂತಹ ಮೊಳಕೆಗಳು ತಾಗಿದರೆ, ಅದು ರೋಗವಲ್ಲ, ವರ್ಷಕ್ಕೊಮ್ಮೆ ನಡೆಯುವ ಪುಕ್ಕ ಬದಲಾವಣೆ. ಸಾಮಾನ್ಯವಾಗಿ ಮೊದಲ ಬಾರಿ ಇದು ಒಂದೂವರೆ ವರ್ಷದ ಆಸುಪಾಸಿನಲ್ಲಿ ಆಗುತ್ತದೆ, ಪೂರ್ತಿ ಮುಗಿಯಲು 8ರಿಂದ 12 ವಾರ ಹಿಡಿಯುತ್ತದೆ, ಆ ಅವಧಿಯಲ್ಲಿ ಮೊಟ್ಟೆ ಕಡಿಮೆಯಾಗುತ್ತದೆ ಅಥವಾ ನಿಂತೇಹೋಗುತ್ತದೆ. ಐದಾರು ತಿಂಗಳ ಒಳಗಿನ ಮರಿಗಳು ಬೆಳೆಯುತ್ತಲೇ ಒಂದಕ್ಕಿಂತ ಹೆಚ್ಚು ಬಾರಿ ಪುಕ್ಕ ಬದಲಿಸುವುದರಿಂದ ಅವುಗಳ ಕೆದರಿದ ರೂಪಕ್ಕೆ ಹೆದರಬೇಕಾಗಿಲ್ಲ.

ಹಗಲಿನ ಬೆಳಕು ಕುಗ್ಗುವುದೇ ಈ ಬದಲಾವಣೆಗೆ ಮುಖ್ಯ ಸೂಚನೆ. ಚಳಿದೇಶಗಳಲ್ಲಿ ಹಗಲು ಗಣನೀಯವಾಗಿ ಕಿರಿದಾಗುವುದರಿಂದ ಶರತ್ಕಾಲದಲ್ಲಿ ಹಿಂಡಿಗೆ ಹಿಂಡೇ ಒಟ್ಟಿಗೆ ಪುಕ್ಕ ಉದುರಿಸುತ್ತದೆ. ಬೆಂಗಳೂರಿನಲ್ಲಾದರೋ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಯದು ಸುಮಾರು 11 ಗಂಟೆ 20 ನಿಮಿಷ. ಅಂತರ ಒಂದೂವರೆ ಗಂಟೆ ಮಾತ್ರ. ಹೀಗಾಗಿ ನಮ್ಮ ಹಿತ್ತಲುಗಳಲ್ಲಿ ಒಂದು ಕೋಳಿ ದಸರೆಯ ಹೊತ್ತಿಗೆ, ಮತ್ತೊಂದು ಸಂಕ್ರಾಂತಿ ಕಳೆದ ಮೇಲೆ ಉದುರಿಸಿದರೂ ಅದು ಅಸಹಜವಲ್ಲ. ಕಡುಬೇಸಗೆಯ ಸೆಕೆ, ಒಂದೆರಡು ದಿನ ನೀರು ತಪ್ಪಿದ್ದು, ಗೂಡು ಬದಲಿಸಿದ್ದು ಸಹ ಅಕಾಲದಲ್ಲಿ ಪುಕ್ಕ ಉದುರಿಸಲು ಸಾಕು. ಇತರ ಕೋಳಿಗಳು ತುಂಬಿದ ಮೈಯಲ್ಲಿರುವಾಗ ಒಂದೇ ಕೋಳಿ ಬೋಳಾಗಿದೆ ಎಂಬ ಕಾರಣಕ್ಕೆ ಅದನ್ನು ರೋಗಿ ಎಂದು ತೀರ್ಮಾನಿಸಬಾರದು ಎನ್ನುವುದು ಇದಕ್ಕಾಗಿಯೇ.

ಈ ಕಾಲದಲ್ಲಿ ಬೇಕಾಗಿರುವುದು ಔಷಧಿಯಲ್ಲ, ಆಹಾರ. ಪುಕ್ಕದ ಬಹುಪಾಲು ಪ್ರೋಟೀನೇ ಆಗಿರುತ್ತದೆ. ರಾಗಿಯಲ್ಲಿ ಪ್ರೋಟೀನ್ ಶೇ 7ರ ಸುಮಾರು, ಮುಸುಕಿನ ಜೋಳದಲ್ಲಿ ಶೇ 9ರ ಸುಮಾರು. ಮೊಟ್ಟೆ ಕೋಳಿಯ ಆಹಾರದಲ್ಲಿ ಶೇ 16ರಿಂದ 18 ಇರಬೇಕು. ಕಾಳು, ನುಚ್ಚು, ಮಿಕ್ಕಿದ ಅನ್ನದ ಮೇಲೆಯೇ ಬದುಕುವ ಕೋಳಿಗೆ ಹೊಸ ಪುಕ್ಕ ಬರಲು ತಡವಾಗುವುದು ಈ ಕೊರತೆಯಿಂದ. ಕಡಲೆಕಾಯಿ ಹಿಂಡಿ, ಸೋಯಾ ಹಿಂಡಿ, ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಎಂಬ ಪುಟ್ಟ ಸಸ್ಯ, ಗೆದ್ದಲು, ಎರೆಹುಳು, ಇವುಗಳಲ್ಲಿ ಸಿಕ್ಕಿದ್ದನ್ನು ಸೇರಿಸಬಹುದು. ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಎಷ್ಟೇ ಬೆಲೆ ಕೊಟ್ಟು ತಂದಿದ್ದರೂ ಹಾಕಬೇಡಿ, ಅದರ ವಿಷ ಕೋಳಿಯ ಯಕೃತ್ತನ್ನು ಹಾಳುಮಾಡುತ್ತದೆ. ಹೊಸ ಪುಕ್ಕದ ಮೊಳಕೆಯಲ್ಲಿ ರಕ್ತ ಹರಿಯುತ್ತಿರುವುದರಿಂದ ಮುಟ್ಟಿದರೆ ನೋವಾಗುತ್ತದೆ. ಆದಷ್ಟು ಕಡಿಮೆ ಎತ್ತಿಕೊಳ್ಳಿ.

ಇನ್ನು ಹೇನು ಮತ್ತು ನುಸಿ. ಗುದದ್ವಾರದ ಸುತ್ತ, ರೆಕ್ಕೆಯ ಅಡಿಯಲ್ಲಿ ಪುಕ್ಕ ಬಿಡಿಸಿದಾಗ ಹುಲ್ಲಿನ ಬಣ್ಣದ ಸಣ್ಣ ಹುಳುಗಳು ಬೆಳಕಿಗೆ ಸರಸರನೆ ಓಡಿದರೆ, ಪುಕ್ಕದ ಬುಡದಲ್ಲಿ ಬಿಳಿಯ ಮೊಟ್ಟೆಗಳು ಗೊಂಚಲಾಗಿ ಅಂಟಿಕೊಂಡಿದ್ದರೆ, ಅದು ಹೇನು. ಅದು ಹಗಲೂ ರಾತ್ರಿ ಮೈಮೇಲೆಯೇ ಇರುವುದರಿಂದ ಪತ್ತೆ ಸುಲಭ. ಕಷ್ಟ ಕೊಡುವುದು ಕೆಂಪು ನುಸಿ: ಹಗಲಲ್ಲಿ ಅದು ಮರದ ಸೀಳು, ಬಿದಿರಿನ ಗಂಟು, ಹಲಗೆಗಳ ಸಂದಿಯಲ್ಲಿ ಅಡಗಿದ್ದು, ರಾತ್ರಿ ಮಾತ್ರ ಹತ್ತಿ ಬಂದು ರಕ್ತ ಹೀರಿ ಮರಳುತ್ತದೆ. ಮಧ್ಯಾಹ್ನ ಕೋಳಿಯನ್ನು ಎಷ್ಟೇ ಕೂಲಂಕಷವಾಗಿ ನೋಡಿದರೂ ಏನೂ ಕಾಣುವುದಿಲ್ಲ.

ಇದಕ್ಕೊಂದು ಸರಳ ಪರೀಕ್ಷೆಯಿದೆ. ಕತ್ತಲಾಗಿ ಎರಡು ಗಂಟೆ ಕಳೆದ ಮೇಲೆ ಬಿಳಿ ಬಟ್ಟೆಯ ತುಂಡೊಂದರಿಂದ ಅಡ್ಡಗೋಲಿನ ತಳಭಾಗವನ್ನು ಒತ್ತಿ ಒರೆಸಬೇಕು. ಕಳೆದ ಮಳೆಗಾಲದಲ್ಲಿ, ನಮ್ಮ ಕೋಳಿಗಳು ಸಂಜೆಯಾದರೂ ಗೂಡಿಗೆ ಹೋಗಲು ಒಲ್ಲದೆ ಪೇರಲ ಮರ ಹತ್ತತೊಡಗಿದಾಗ, ನಾನು ಹಾಗೆ ಒರೆಸಿದ ಹಳೆಯ ಪಂಚೆಯ ತುಂಡಿನ ಮೇಲೆ ಕುಂಕುಮದ ನೀರು ಚಿಮುಕಿಸಿದಂತೆ ಕಲೆಗಳು ಮೂಡಿದ್ದವು. ಹತ್ತಿರ ಹಿಡಿದು ನೋಡಿದಾಗ ಅವುಗಳಲ್ಲಿ ಕೆಲವು ಇನ್ನೂ ಹರಿದಾಡುತ್ತಿದ್ದವು. ಆ ನುಸಿ ಮನುಷ್ಯರನ್ನೂ ಕಚ್ಚುತ್ತದೆ. ಆ ರಾತ್ರಿ ನನ್ನ ಮುಂಗೈಯ ತುರಿಕೆ ನಿಲ್ಲಲೇ ಇಲ್ಲ.

ಇಂತಹ ಸಂದರ್ಭದಲ್ಲಿ ಕೋಳಿಗಿಂತ ಗೂಡಿಗೇ ಚಿಕಿತ್ಸೆ ಆಗಬೇಕು. ಹಾಸಿದ ಹೊಟ್ಟು, ಹುಲ್ಲನ್ನೆಲ್ಲ ತೆಗೆದು ಸುಟ್ಟು, ಅಡ್ಡಗೋಲುಗಳನ್ನು ಬಿಚ್ಚಿ ಕುದಿನೀರು ಹೊಯ್ದು ಬಿಸಿಲಿಗೆ ಹಾಕಿ, ಗೋಡೆಯ ಸಂದುಗಳಿಗೆ ಗಟ್ಟಿ ಸುಣ್ಣ ತುಂಬಬೇಕು. ಹೇನಿಗಾಗಲೀ ನುಸಿಗಾಗಲೀ ಹಚ್ಚುವ ಪುಡಿ ಸಾಮಾನ್ಯವಾಗಿ ಅವುಗಳ ಮೊಟ್ಟೆಗಳನ್ನು ಕೊಲ್ಲುವುದಿಲ್ಲವಾದ್ದರಿಂದ, 7ರಿಂದ 10 ದಿನಗಳ ಬಳಿಕ ಎರಡನೆಯ ಸಲ ಹಚ್ಚದಿದ್ದರೆ ಮೊದಲ ಸಲದ ಶ್ರಮ ವ್ಯರ್ಥವಾಗುತ್ತದೆ. ಯಾವ ಪುಡಿ, ಎಷ್ಟು, ಹಚ್ಚಿದ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನು ಪಶುವೈದ್ಯರಿಂದಲೇ ಕೇಳಿ ತಿಳಿದುಕೊಳ್ಳಿ. ಬೆಳೆಗೆ ಹೊಡೆದು ಉಳಿದ ಕೀಟನಾಶಕವನ್ನು ಕೋಳಿಯ ಮೈಗೆ ಸಿಂಪಡಿಸುವ ಅಭ್ಯಾಸ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಕೋಳಿಗೂ ಅಪಾಯ, ಆ ಮೊಟ್ಟೆ ತಿನ್ನುವ ಮಕ್ಕಳಿಗೂ ಅಪಾಯ. ಒಲೆಯ ಬೂದಿಯನ್ನು ಜರಡಿ ಹಿಡಿದು ಒಣಮಣ್ಣಿನೊಂದಿಗೆ ಬೆರೆಸಿ, ಮಳೆ ಬೀಳದ ಮೂಲೆಯಲ್ಲಿ ಮೊಳದಗಲದ ಗುಂಡಿ ತುಂಬಿಟ್ಟರೆ ಕೋಳಿಗಳೇ ಅದರಲ್ಲಿ ಹೊರಳಾಡಿ ಮೈ ಕೊಡವಿಕೊಳ್ಳುತ್ತವೆ.

ಬೆನ್ನಿನ ನಡುವೆ, ತಲೆಯ ಹಿಂಭಾಗದಲ್ಲಿ ಮಾತ್ರ ಪುಕ್ಕ ಮೋಟಾಗಿದ್ದರೆ ಕಾರಣ ಹುಂಜ. ಅದು ಮೆಟ್ಟುವಾಗ ಕೊಕ್ಕಿನಿಂದ ನೆತ್ತಿ ಹಿಡಿದು ಕಾಲುಗುರುಗಳನ್ನು ಬೆನ್ನಿಗೆ ಊರುತ್ತದೆ. ಎಂಟು ಹತ್ತು ಹ್ಯಾಟೆಗಳಿಗೆ ಒಂದು ಹುಂಜ ಸಾಕು. ಮೂರು ಹ್ಯಾಟೆಗಳಿಗೆ ಎರಡು ಹುಂಜ ಇಟ್ಟುಕೊಂಡವರು ಒಂದನ್ನು ಬೇರೆ ಮಾಡುವುದೇ ಪರಿಹಾರ.

ಬಾಲದ ಬುಡದಲ್ಲಿ, ಗುದದ್ವಾರದ ಬಳಿ ರಕ್ತದ ಗುರುತಿನೊಂದಿಗೆ ಬೋಳಾಗಿದ್ದರೆ ಒಂದನ್ನೊಂದು ಕುಕ್ಕುತ್ತಿವೆ ಎಂದು ತಿಳಿಯಬೇಕು, ಇದಕ್ಕೆ ಅದೇ ದಿನ ಗಮನ ಕೊಡಬೇಕು. ರಕ್ತದ ಕೆಂಪು ಕಂಡರೆ ಉಳಿದ ಕೋಳಿಗಳೂ ಅಲ್ಲಿಯೇ ಕುಕ್ಕುತ್ತವೆ, ಒಂದು ಕೋಳಿಯ ಚಾಳಿ ಹಿಂಡಿಗೆಲ್ಲ ಹಬ್ಬುತ್ತದೆ. ಗಾಯಗೊಂಡದ್ದನ್ನು ಮಕ್ಕರಿಯಡಿ ಬೇರೆ ಇಟ್ಟು, ಗಾಯಕ್ಕೆ ಬೇವಿನೆಣ್ಣೆ, ಅರಿಶಿನ ಹಚ್ಚಿ. ಕುಕ್ಕುವವಳನ್ನು ಗುರುತಿಸಲು ಅರ್ಧ ಗಂಟೆ ಸುಮ್ಮನೆ ದೂರದಲ್ಲಿ ಕುಳಿತು ನೋಡಿದರಾಯಿತು. ಎಲ್ಲರ ಪುಕ್ಕ ಕಿತ್ತುಹೋಗಿರುವಾಗ ಯಾವಳ ಮೈ ಮಾತ್ರ ನುಣುಪಾಗಿ ಹೊಳೆಯುತ್ತಿದೆಯೋ ಅವಳೇ ಆಗಿರುವ ಸಂಭವ ಹೆಚ್ಚು. ಇಕ್ಕಟ್ಟು, ಉಪ್ಪಿನಂಶ ಮತ್ತು ಪ್ರೋಟೀನಿನ ಕೊರತೆ, ದಿನವಿಡೀ ಕೆದಕಲು ಏನೂ ಇಲ್ಲದಿರುವುದು, ಇವೇ ಈ ಚಾಳಿಯ ಮೂಲ. ಗೂಡಿನಲ್ಲಿ ಕೋಳಿಗೆ ಕನಿಷ್ಠ ಎರಡು ಚದರಡಿ ಜಾಗ, ಅಡ್ಡಗೋಲಿನ ಮೇಲೆ ಒಂದು ಗೇಣು ಉದ್ದ ಸಿಗುವಂತೆ ಮಾಡಿ, ನುಗ್ಗೆ ಸೊಪ್ಪಿನ ಕಟ್ಟೊಂದನ್ನು ಕುತ್ತಿಗೆ ಎಟುಕುವ ಎತ್ತರಕ್ಕೆ ತೂಗುಹಾಕಿದರೆ ಕೊಕ್ಕಿಗೆ ಬೇರೆ ಕೆಲಸ ಸಿಗುತ್ತದೆ.

ಕಾವಿಗೆ ಕುಳಿತ ಹ್ಯಾಟೆ ಮೊಟ್ಟೆಗೆ ಮೈಯ ಶಾಖ ತಾಗಲೆಂದು ಎದೆಯ ಪುಕ್ಕವನ್ನು ತಾನೇ ಕೀಳುತ್ತದೆ. ಅದಕ್ಕೆ ಏನೂ ಮಾಡಬೇಕಾಗಿಲ್ಲ. ಹುಟ್ಟಿನಿಂದಲೇ ಕುತ್ತಿಗೆ ಬೋಳಾಗಿರುವ ತಳಿಯೂ ಉಂಟು.

ಪುಕ್ಕ ಉದುರುವುದರ ಜೊತೆಗೆ ಕೋಳಿ ಮೇವು ಬಿಟ್ಟು ಮುದುರಿ ಕುಳಿತರೆ, ಜುಟ್ಟು ಬಿಳಚಿಕೊಂಡರೆ, ಹಸಿರು ಹಿಕ್ಕೆ ಹಾಕಿದರೆ, ಕುತ್ತಿಗೆ ತಿರುಚಿಕೊಂಡರೆ, ಬೋಳಾದ ಚರ್ಮದಲ್ಲಿ ಹೊಪ್ಪಳೆ ಕಟ್ಟಿದರೆ ಮನೆಮದ್ದಿಗೆ ಕಾಯದೆ ಹತ್ತಿರದ ಸರ್ಕಾರಿ ಪಶು ಚಿಕಿತ್ಸಾಲಯಕ್ಕೆ ಒಯ್ಯಬೇಕು. ಹೋಗುವಾಗ ಬಿದ್ದ ಪುಕ್ಕ ನಾಲ್ಕನ್ನೂ ಅಡ್ಡಗೋಲು ಒರೆಸಿದ ಬಟ್ಟೆಯನ್ನೂ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಬರೆದಿಟ್ಟ ಚೀಟಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.