ಛೇದ ಇಳಿಯಿತು, ಅಂಶ ಏರಿತು: ನಮ್ಮ ಬೂತಿಗೆ 130 ವೋಟು ಹೆಚ್ಚು ಬಂದ ಬಗೆ

"ಬಿಡಿ ಟೀಚರ್, ಗೋರ್ಕಲ್ಲ ಮೇಲೆ ಮಳೆಗರೆದ ಹಾಗೆ ಇದು" ಅಂದಿದ್ದರು ನಮ್ಮ ಬಡಾವಣೆ ಸಂಘದ ಅಧ್ಯಕ್ಷರು, ಜನರನ್ನು ವೋಟಿಗೆ ಹೊರಡಿಸುವ ನನ್ನ ಪ್ರಯತ್ನ ನೋಡಿ. 2023ರ ಮೇ ತಿಂಗಳ ಮಾತು. ಆಗ ಎದುರಾಡಲು ನನ್ನ ಕೈಲಿ ಲೆಕ್ಕ ಇರಲಿಲ್ಲ. ಈಗ ಇದೆ.

ದಕ್ಷಿಣ ಬೆಂಗಳೂರಿನ ನಮ್ಮ ಬೂತಿನಲ್ಲಿ ಆಗ 1,190ರ ಆಸುಪಾಸು ಹೆಸರು. ಆ ವಿಧಾನಸಭೆ ಚುನಾವಣೆಗೆ ಬಿದ್ದದ್ದು 525 ವೋಟು. ಮರುವರ್ಷ ಲೋಕಸಭೆಗೆ 655. ಬೆಂಗಳೂರಿನ ಮೂರು ನಗರ ಕ್ಷೇತ್ರಗಳು ಶೇಕಡಾ 53-54ರಲ್ಲೇ ನಿಂತ ದಿನ ನಮ್ಮದು 60 ದಾಟಿತು. ಅಕ್ಕಪಕ್ಕದ ಬೂತುಗಳಲ್ಲಿ ಇದೇ ಕೆಲಸ ಮಾಡುವ ಗೆಳೆಯರು ಹೇಗೆ ಹೇಗೆ ಅಂತ ಕೇಳುತ್ತಲೇ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಸೇರಿಸಲು, ತೆಗೆಸಲು, ತಿದ್ದಲು ಇರುವ ಫಾರಂ 6, 7, 8 ಯಾವುದಕ್ಕೆ ಯಾವುದು, ಮತದಾರರ ಪಟ್ಟಿಯ ಭಾಗ ಸಂಖ್ಯೆ ಎಲ್ಲಿ ಸಿಗುತ್ತದೆ ಅನ್ನುವುದೆಲ್ಲ ಅವರಿಗೆ ಗೊತ್ತಿರುವುದೇ.

ನಾನು ಹೈಸ್ಕೂಲಿನಲ್ಲಿ 28 ವರ್ಷ ಗಣಿತ ಕಲಿಸಿದವಳು. ಚುನಾವಣೆ ಡ್ಯೂಟಿ ಆರೇಳು ಸಲ ಮಾಡಿದ್ದೇನೆ, ಕೊನೆಯ ಮೂರು ಸಲ ಪಿಆರ್‌ಒ, ಅಂದರೆ ಬೂತಿನ ಮುಖ್ಯ ಅಧಿಕಾರಿ ಆಗಿ. ಮಧುಗಿರಿ ಕಡೆಯ ಒಂದು ಹಳ್ಳಿ ಬೂತು ಇನ್ನೂ ಕಣ್ಣ ಮುಂದಿದೆ. ಸಂಜೆ ಮುಗಿಯುವ ಹೊತ್ತಿಗೆ ಸಾಲು ಶಾಲೆಯ ಕಾಂಪೌಂಡು ಸುತ್ತು ಹಾಕಿತ್ತು. ನಿಯಮದ ಪ್ರಕಾರ ಸಹಿ ಹಾಕಿದ ಚೀಟಿಗಳನ್ನು ಸಾಲಿನ ಬಾಲದಿಂದ ಹಂಚಬೇಕು, ಎಲ್ಲರಿಗಿಂತ ಹಿಂದೆ ನಿಂತವರಿಗೆ 1ನೇ ನಂಬರು. ಆಮೇಲೆ ಬಂದವರು ಹಿಂದೆ ಸೇರಿಕೊಳ್ಳಬಾರದು ಅಂತ. ಅವತ್ತು 80ಕ್ಕೂ ಹೆಚ್ಚು ಚೀಟಿ ಹಂಚಿದೆ, ರಾತ್ರಿ ಎಂಟರವರೆಗೂ ಮಷೀನಿನ ಬೀಪ್ ಕೇಳುತ್ತಲೇ ಇತ್ತು. ಬೆಂಗಳೂರಿಗೆ ವರ್ಗವಾಗಿ ಬಂದಮೇಲೆ ಮಾಡಿದ ಎರಡು ಡ್ಯೂಟಿಯಲ್ಲೂ ಸಹಿ ಹಾಕಿಟ್ಟ ಚೀಟಿಯನ್ನು ಹಾಗೇ ಲಕೋಟೆಗೆ ತುಂಬಿ ವಾಪಸ್ ಕೊಟ್ಟೆ. ಮಧ್ಯಾಹ್ನ ಎರಡಕ್ಕೆ ಫ್ಯಾನಿನ ಕಿರ್‌ಕಿರ್ ಮಾತ್ರ. ಆ ನೋವಿನಿಂದಲೇ ನಿವೃತ್ತಿಯಾದಮೇಲೆ ಇದಕ್ಕೆ ಕೈ ಹಾಕಿದ್ದು.

ಮೊದಲು ಸೋತದ್ದನ್ನು ಹೇಳುತ್ತೇನೆ. 2023ರಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಎರಡು ಸಾವಿರ ಕರಪತ್ರಕ್ಕೆ 3,800 ರೂಪಾಯಿ. ಬ್ಯಾನರಿಗೆ 900. ಪಾರ್ಕಿನಲ್ಲಿ ಮೈಕ್ ಸೆಟ್ಟು ಬಾಡಿಗೆಗೆ 1,500. ಮಕ್ಕಳ ಜಾಥಾಕ್ಕೆ ಚಾಕೊಲೇಟು, ಟೋಪಿ ಅಂತ ಇನ್ನೊಂದು 800. ರಸಪ್ರಶ್ನೆಯಲ್ಲಿ "ಬೆರಳಿಗೆ ಹಚ್ಚುವ ಶಾಯಿ ಎಲ್ಲಿ ತಯಾರಾಗುತ್ತೆ?" ಅಂತ ಕೇಳಿದರೆ ಮಕ್ಕಳೆಲ್ಲ ಒಕ್ಕೊರಲಿನಿಂದ "ಮೈಸೂರು!" ಅಂದವು, 1962ರಿಂದ ಅಲ್ಲಿನ ಪೇಂಟ್ಸ್ ಕಾರ್ಖಾನೆಯಲ್ಲೇ ಆಗುತ್ತಿದೆ ಅಂತ ಒಂದು ಹುಡುಗಿ ವರ್ಷವನ್ನೂ ಹೇಳಿದಳು. ಅವಳ ಅಪ್ಪ ಅಮ್ಮ ವೋಟಿಗೆ ಬರಲಿಲ್ಲ. ರಜೆ ಜೋಡಿಸಿಕೊಂಡು ಊರು ಬಿಡಬಾರದು ಅಂತ ಮತದಾನವನ್ನು ಬುಧವಾರ ಇಟ್ಟಿದ್ದರು, ಆದರೂ ಬರಲಿಲ್ಲ. ಇಡೀ ರಾಜ್ಯದಲ್ಲಿ ಶೇಕಡಾ 73 ದಾಟಿದ ಆ ಚುನಾವಣೆಯಲ್ಲಿ ನಮ್ಮ ಬೂತು 44. 2018ಕ್ಕಿಂತ ಒಂದೆರಡು ಕಡಿಮೆಯೇ. ಏಳು ಸಾವಿರ ರೂಪಾಯಿ ಹೊಳೆಯಲ್ಲಿ ಹುಣಸೆ ತೊಳೆದಂತೆ.

ಆ ಮಳೆಗಾಲ ಕೂತು ಯೋಚಿಸಿದೆ. 44 ಅಂದರೆ ಅಂಶ 525, ಛೇದ 1,190. ಎಲ್ಲರೂ ಅಂಶದ ಬಗ್ಗೆಯೇ ಮಾತಾಡುತ್ತೇವಲ್ಲ, ಈ ಛೇದ ಸರಿಯಿದೆಯಾ? ಅಕ್ಟೋಬರ್ ಕೊನೆಗೆ ಕರಡು ಪಟ್ಟಿ ಬಂದ ಕೂಡಲೇ ಅಷ್ಟೂ ಪುಟ ಜೆರಾಕ್ಸ್ ಮಾಡಿಸಿ ಮನೆಮನೆಗೆ ಹೊರಟೆ. ದಿನಕ್ಕೆ ಹತ್ತು ಮನೆ, ಹೆಚ್ಚಿಲ್ಲ. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು, ಗಂಡಸರೆಲ್ಲ ಹೊರಗೆ ಹೋಗಿ ಮನೆಯ ಹೆಂಗಸರಿಗೆ ಸ್ವಲ್ಪ ಪುರಸೊತ್ತು ಇರುವ ಹೊತ್ತು. ಸತ್ತು ಒಂಬತ್ತು ವರ್ಷವಾದವರು ಪಟ್ಟಿಯಲ್ಲಿದ್ದರು. ಮದುವೆಯಾಗಿ ದಾವಣಗೆರೆಗೆ ಹೋದ ಹುಡುಗಿಯರಿದ್ದರು. ಒಂದೇ ಹೆಸರು ಎರಡು ಕಡೆ, ಕೆಡವಿ ಕಟ್ಟಿದ ಹಳೆಯ ಮನೆಗಳ ಬಾಡಿಗೆದಾರರು ಹಿಂಡುಗಟ್ಟಲೆ. ನಮ್ಮ ಬಿಎಲ್‌ಒ, ಅಂದರೆ ಬೂತಿನ ಪಟ್ಟಿ ನೋಡಿಕೊಳ್ಳುವ ಅಧಿಕಾರಿ, ಒಬ್ಬ ಅಂಗನವಾಡಿ ಕಾರ್ಯಕರ್ತೆ, ಪಾಪ, ಒಬ್ಬಳೇ ಎಷ್ಟು ಮೆಟ್ಟಿಲು ಹತ್ತುತ್ತಾಳೆ? ನಾವಿಬ್ಬರೂ ಸೇರಿ ಮೂರು ತಿಂಗಳಲ್ಲಿ 150ರಷ್ಟು ಹೆಸರು ತೆಗೆಸಿದೆವು, 40 ಹೊಸದು ಸೇರಿಸಿದೆವು.

ಇಲ್ಲೊಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಮೂರು ಸಲ ಹೋದಾಗಲೂ ಬೀಗ ಇದ್ದ ಮನೆ, ಪಕ್ಕದವರು "ಅವರು ಅಮೆರಿಕಕ್ಕೆ ಹೋದ್ರು" ಅಂದರು. ನಂಬಿ ಹೆಸರು ತೆಗೆಸುವ ಫಾರಂ 7 ಹಾಕಿಬಿಟ್ಟೆ. ಆ ಹಿರಿಯರು ಮಗಳ ಬಾಣಂತನಕ್ಕೆ ಹೋಗಿದ್ದವರು, ಆರು ತಿಂಗಳಿಗೆ ವಾಪಸ್. ನೋಟಿಸು ಅವರ ಕೈಗೆ ಸಿಕ್ಕಿದ್ದರಿಂದ ಹೆಸರು ಉಳಿಯಿತು. ಅವರ ಮನೆಗೆ ಹೋಗಿ ಕೈಮುಗಿದು ಕ್ಷಮೆ ಕೇಳಿದೆ. ಬದುಕಿರುವವರ ವೋಟು ನನ್ನ ಕೈಯಿಂದ ಹೋಗುವುದರಲ್ಲಿತ್ತಲ್ಲ ಅಂತ ನಾಲ್ಕು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಅಲ್ಲಿಂದ ಮುಂದೆ ಮನೆಯವರ ಸಹಿ ಇಲ್ಲದೆ ಒಂದು ಹೆಸರನ್ನೂ ಮುಟ್ಟಲಿಲ್ಲ.

ಛೇದ ಇಳಿಸಿ ಶೇಕಡಾ ಏರಿಸುವುದು ಬರೀ ಲೆಕ್ಕದ ಆಟ ಅಂತ ಸಂಘದಲ್ಲಿ ಕೆಲವರು ಮೂಗು ಮುರಿದರು. ನಿಜವೇ. 525ನ್ನು 1,080ರಿಂದ ಭಾಗಿಸಿದರೆ ಶೇಕಡಾ 48.6 ಅಷ್ಟೇ. ಅಂಶವೂ ಏರಬೇಕು. ಆದರೆ ಪಟ್ಟಿ ಶುದ್ಧವಾದ ಮೇಲೆಯೇ ಯಾರ ಬಾಗಿಲಿಗೆ ಹೋಗಬೇಕು ಅನ್ನುವುದು ಗೊತ್ತಾಗುವುದು.

ಈಗ ಆ ಬಾಗಿಲಿನ ಮಾತು. "ನನ್ನೊಂದು ವೋಟಿನಿಂದ ಏನಾಗುತ್ತೆ" ಅನ್ನುವವರಿಗೆ ನಾವೆಲ್ಲ ಹೇಳುವ ಕಥೆ ಎರಡು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ವೋಟಿನಿಂದ, 40,752ಕ್ಕೆ 40,751. ಇನ್ನೊಂದು ನಮ್ಮ ಮಗ್ಗುಲಲ್ಲೇ, 2023ರಲ್ಲಿ ಜಯನಗರದ ಫಲಿತಾಂಶ, ಮರುಎಣಿಕೆಯಾಗಿ 16 ವೋಟಿಗೆ ತೀರ್ಮಾನವಾದದ್ದು. ಎರಡನ್ನೂ ನೂರು ಬಾಗಿಲಲ್ಲಿ ಹೇಳಿದ್ದೇನೆ. ಜನ "ಹೌದಾ!" ಅಂತಾರೆ, ತಲೆಯಾಡಿಸ್ತಾರೆ, ಬರೋದಿಲ್ಲ. ಯಾಕೆಂದರೆ ಅವರ ಕಿವಿಗೆ ಅದು ಲಾಟರಿ ಹೊಡೆದವರ ಕಥೆ. ಪಕ್ಕದ ಬೀದಿಯವನಿಗೆ ಹೊಡೆಯಿತು ಅಂತ ಯಾರೂ ಟಿಕೆಟ್ ಕೊಳ್ಳೋದಿಲ್ಲ.

ನಮ್ಮ ಎದುರು ಕಟ್ಟಡದ ಎರಡನೇ ಮಹಡಿಯಲ್ಲಿ ಸಾಫ್ಟ್‌ವೇರ್ ಹುಡುಗನೊಬ್ಬ ಇದ್ದಾನೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್ಲುಗಳೆಲ್ಲ ಬತ್ತಿ ಟ್ಯಾಂಕರಿಗೆ ಕಾಯುತ್ತಿದ್ದ ದಿನಗಳು. ಮೆಟ್ಟಿಲ ಮೇಲೆ ಎರಡು ಕೊಡಪಾನ ಇಟ್ಟುಕೊಂಡು ಏದುಸಿರು ಬಿಡುತ್ತ ನಿಂತಿದ್ದ. ವೋಟಿನ ಮಾತೆತ್ತಿದೆ. "ಆಂಟಿ, ನೀರಿಲ್ಲ ಅಂತ ಯಾರಿಗೆ ಫೋನ್ ಮಾಡಲಿ ಹೇಳಿ. ನನಗೊಬ್ಬ ಕಾರ್ಪೊರೇಟರ್ ಇದ್ದಾನಾ?" ಅಂದ. ನನಗೆ ಬಾಯಿ ಕಟ್ಟಿತು. ಬೆಂಗಳೂರಿನಲ್ಲಿ ಪಾಲಿಕೆಗೆ ವೋಟು ಹಾಕಿದ್ದು 2015ರ ಆಗಸ್ಟಿನಲ್ಲಿ. ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಅಲ್ಲಿಂದ ಆ ಮಾರ್ಚಿನವರೆಗೂ ವಾರ್ಡಿಗೆ ಅಂತ ಒಬ್ಬ ಚುನಾಯಿತ ಮನುಷ್ಯ ಇರಲಿಲ್ಲ. ಹಳ್ಳಿಯಲ್ಲಿ ಪಂಚಾಯ್ತಿ ಮೆಂಬರನ್ನು ಅರಳಿಕಟ್ಟೆ ಹತ್ತಿರ ಹಿಡಿದು ನಿಲ್ಲಿಸಿ ಕೇಳಬಹುದು. ವೋಟಿಗೆ ಅಲ್ಲೊಂದು ಮುಖ ಇದೆ. ಈ ಹುಡುಗ ಯಾವ ಮುಖ ನೋಡಿ ಬೂತಿಗೆ ಬರಬೇಕು? ಜನರಿಗೆ ಸೋಮಾರಿತನ ಅಂತ ಅಲ್ಲಿಯವರೆಗೆ ನಾನೂ ಬಯ್ಯುತ್ತಿದ್ದೆ. ಅವತ್ತಿಗೆ ಬಿಟ್ಟೆ.

ದಾರಿ ತೋರಿಸಿದ್ದು ಒಂದು ಪಕ್ಷದ ಕಾರ್ಯಕರ್ತ. ನನ್ನಲ್ಲಿ ಓದಿದವನು, ಯಾವ ಪಕ್ಷ ಅಂತ ಬೇಡ. "ನೀವ್ಯಾಕೆ ನಮ್ಮ ರಸ್ತೆಗೆ ಪ್ರಚಾರಕ್ಕೂ ಬರೋದಿಲ್ಲ?" ಅಂತ ಕೇಳಿದೆ. "ಮಿಸ್, ನಿಮ್ಮ ರಸ್ತೆಗೆ ಗೆರೆ ಎಳೆದುಬಿಟ್ಟಿದೀವಿ. ಅಲ್ಲಿ ವೋಟೇ ಬೀಳಲ್ಲ. ಆ ಟೈಮಲ್ಲಿ ಕೆಳಗಿನ ಕೇರಿ ಎರಡು ಸಲ ಸುತ್ತಬಹುದು" ಅಂದ.

ಮನೆಗೆ ಬಂದವಳೇ ಫಾರಂ 20 ಇಳಿಸಿಕೊಂಡೆ. ಎಣಿಕೆಯಾದ ಮೇಲೆ ಬೂತುವಾರು ಯಾರಿಗೆ ಎಷ್ಟು ಅಂತ ಹಾಕುತ್ತಾರಲ್ಲ, ಅದು. ನಮ್ಮ ಸಾಲು ಮತ್ತು ಕೆಳಗಿನ ಕೇರಿಯ ಸಾಲು ಎರಡನ್ನೇ ಕತ್ತರಿಸಿ ಒಂದು ಹಾಳೆಗೆ ಅಂಟಿಸಿದೆ. ಕೇರಿಯಲ್ಲಿ 70ರ ಹತ್ತಿರ, ನಮ್ಮಲ್ಲಿ 44. ಅಲ್ಲಿಯ ಚರಂಡಿ ಕೆಲಸ ಆ ವರ್ಷವೇ ಆಗಿತ್ತು, ನಮ್ಮ ಅಡ್ಡರಸ್ತೆಯದು ಆಗಿರಲಿಲ್ಲ. ಇದರಿಂದಲೇ ಅದು ಆಯಿತು ಅಂತ ನಾನು ಯಾರಿಗೂ ಹೇಳಲಿಲ್ಲ, ಹಾಳೆ ಕೈಗೆ ಕೊಟ್ಟು "ನಮ್ಮ ರಸ್ತೆಗೆ ಗೆರೆ ಎಳೆದಿದಾರಂತೆ" ಅನ್ನುವಷ್ಟೇ ಹೇಳಿ ಸುಮ್ಮನೆ ಕೂತೆ. ಗೆಲ್ಲೋದು ಯಾರು ಅನ್ನುವ ಮಾತೇ ಇಲ್ಲ. ನಿಮ್ಮ ವೋಟು ಯಾರಿಗೆ ಅಂತ ಯಾರಿಗೂ ತಿಳಿಯೋದಿಲ್ಲ, ಆದರೆ ನಿಮ್ಮ ಬೂತಿನಿಂದ ಎಷ್ಟು ಜನ ಬಂದರು ಅನ್ನುವುದನ್ನು ಎಲ್ಲ ಪಕ್ಷದವರೂ ಐದು ವರ್ಷ ಜೇಬಲ್ಲಿಟ್ಟುಕೊಂಡು ಓಡಾಡ್ತಾರೆ. ಸಿಟ್ಟು ಬಂದದ್ದು ಆಗ. "ಗೆರೆ ಎಳೆಯೋಕೆ ಇವರ್ಯಾರು?" ಅಂದರು ನಿವೃತ್ತ ಬ್ಯಾಂಕ್ ನೌಕರರೊಬ್ಬರು, ಕನ್ನಡಕ ಎರಡು ಸಲ ಒರೆಸಿಕೊಂಡು.

ಪ್ರತಿ ಕಟ್ಟಡಕ್ಕೆ ಒಬ್ಬರಿಗೆ ಮೆಟ್ಟಿಲ ಹೊಣೆ ಕೊಟ್ಟೆ. ಸಂಘದ ಪದಾಧಿಕಾರಿಗಳನ್ನು ಹಾಕಿಕೊಳ್ಳಲಿಲ್ಲ. ಹಾಲು, ಹೂವು, ಸೊಪ್ಪು ಬಂದಾಗ ಎಲ್ಲರನ್ನೂ ಕೂಗಿ ಕರೆಯುವ ಹೆಂಗಸು ಪ್ರತಿ ಕಟ್ಟಡದಲ್ಲೂ ಒಬ್ಬಳು ಇರುತ್ತಾಳೆ, ಅವಳೇ ಸರಿ. ಅವಳ ಕೆಲಸ ಒಂದೇ, "ವೋಟು ಹಾಕ್ತೀರಾ?" ಅಂತ ಕೇಳಬಾರದು, "ಎಷ್ಟು ಗಂಟೆಗೆ ಹೋಗ್ತೀರಾ?" ಅಂತ ಕೇಳಿ ಬರೆದುಕೊಳ್ಳಬೇಕು. ಏಳೂವರೆ ಅಂದವರು ಏಳೂವರೆಗೆ ಹೊರಟರು. "ನೋಡೋಣ" ಅಂದವರಿಗೆ ಕೇಳಲು ಇನ್ನೊಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯೋದಿಲ್ಲ, ಪಕ್ಷದ ಹುಡುಗರ ಕೈಗೆ ಸಿಕ್ಕರೆ ಕೆಟ್ಟುಹೋಗುತ್ತದೆ. ಖುದ್ದಾಗಿ ಬಂದು ಕೇಳಿದವರಿಗೆ ಹೇಳಿಕೊಡುತ್ತೇನೆ.

ವಯಸ್ಸಾದವರಿಗೆ ಅಂತ ಮೂರು ಆಟೊ ಮಾತಾಡಿದ್ದೆ. ಪಕ್ಕದ ಮನೆಯ ವಕೀಲರು ತಡೆದರು. ಅಭ್ಯರ್ಥಿ ಕಡೆಯವರು ಮತದಾರರನ್ನು ಪುಕ್ಕಟೆ ಗಾಡಿಯಲ್ಲಿ ಸಾಗಿಸಿದರೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮಿನಲ್ಲಿ ಅದು ಭ್ರಷ್ಟ ಆಚರಣೆ, "ನೀವು ಯಾರ ಕಡೆಯೂ ಅಲ್ಲ ಅಂತ ಆಮೇಲೆ ಸಾಬೀತು ಮಾಡ್ತಾ ಕೂರಬೇಕಾಗುತ್ತೆ" ಅಂದರು. ಕೈಬಿಟ್ಟೆ. 85 ದಾಟಿದ ನಾಲ್ವರಿಗೆ ಮನೆಯಿಂದ ವೋಟು ಹಾಕುವ ಅರ್ಜಿ, ಫಾರಂ 12ಡಿ ಕೊಡಿಸಿ ಮನೆಯಲ್ಲೇ ವೋಟು ಹಾಕಿಸಿದೆ. ಇನ್ನಿಬ್ಬರದು ತಪ್ಪಿಹೋಯಿತು, ಅಧಿಸೂಚನೆಯಾಗಿ ಐದೇ ದಿನ ಗಡುವು ಅನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ.

ನನಗೆ ಹೆಮ್ಮೆ ಇರುವುದು ಚೀಲದ ಉಪಾಯದ ಬಗ್ಗೆ. ಆಗ ಮೊಬೈಲು ಹಿಡಿದು ಬಂದವರನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಒಂಟಿಯಾಗಿ ಬಂದವರು ಗೇಟಿನಲ್ಲಿ ತಕರಾರು ಮಾಡಿ, "ಇಟ್ಟು ಬರ್ತೀನಿ" ಅಂತ ಹೋದರೆ ಮತ್ತೆ ಬರುತ್ತಿರಲಿಲ್ಲ. 2023ರಲ್ಲಿ ಒಂದು ಗಂಟೆ ನಿಂತು ಎಣಿಸಿದ್ದೆ, ಏಳು ಜನ ಹಾಗೆ ಹೋದರು. ಬೂತಿನಿಂದ ನೂರು ಮೀಟರ್ ಆಚೆ ಒಂದು ಟೈಲರ್ ಅಂಗಡಿ ಇದೆ. "ಅಮ್ಮಾ, ನನ್ನ ಅಂಗಡಿಗೆ ಕೆಟ್ಟ ಹೆಸರು ಬರಬಾರದು ಅಷ್ಟೆ" ಅಂದು ಒಪ್ಪಿದ ಆತ, ಬ್ಲೌಸ್ ಪೀಸಿನ ಚೂರುಗಳಲ್ಲೇ 60 ಚೀಲ ಹೊಲಿದುಕೊಟ್ಟ, ಒಂದಕ್ಕೆ 12 ರೂಪಾಯಿ. ಜೋಡಿ ಟೋಕನ್, ಒಂದು ಚೀಲಕ್ಕೆ, ಒಂದು ಕೈಗೆ. ಒಂದು ಫೋನೂ ಕಳೆಯಲಿಲ್ಲ. ಇದೊಂದರಿಂದಲೇ 35-40 ವೋಟು ಉಳಿದಿರಬೇಕು.

ನೋಟಾ ಬಗ್ಗೆಯೂ ಒಂದು ಪ್ರಯೋಗ ಮಾಡಿದೆ. "ಎಲ್ಲರೂ ಕಳ್ಳರೇ" ಅಂದ ಮೂವರು ಹುಡುಗರನ್ನು ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ. ಸುಪ್ರೀಂ ಕೋರ್ಟು 2013ರಲ್ಲಿ ಕೊಟ್ಟ ಗುಂಡಿ ಅದು, ಅದಕ್ಕೇ ಹೆಚ್ಚು ಬಿದ್ದರೂ ಉಳಿದವರಲ್ಲಿ ಮುಂದಿರುವವರೇ ಗೆಲ್ಲುತ್ತಾರೆ. ಆದರೆ ಮನೆಯಲ್ಲಿ ಕೂತವನ ಸಿಟ್ಟು ಯಾವ ಫಾರಂನಲ್ಲೂ ಬರೋದಿಲ್ಲ, ಇದು ಫಾರಂ 20ರಲ್ಲಿ ಅಚ್ಚಾಗುತ್ತದೆ. ಅವರು ಏನು ಒತ್ತಿದರೋ ಕೇಳಲಿಲ್ಲ. ನಮ್ಮ ಬೂತಿನ ನೋಟಾ ಐದಾರರಿಂದ ಹನ್ನೊಂದಕ್ಕೆ ಹೋಯಿತು. ಅದನ್ನೂ ನನ್ನ ಗಳಿಕೆ ಅಂತಲೇ ಎಣಿಸುತ್ತೇನೆ.

ಪಿಜಿ ಹುಡುಗರ ವಿಳಾಸ ಬದಲಿಸುವ ಪ್ರಯತ್ನ ಅಷ್ಟಾಗಿ ಫಲಿಸಲಿಲ್ಲ, 31 ಜನರಲ್ಲಿ ಒಂಬತ್ತು. ಊರಿನ ವೋಟು ಬಿಡಲು ಅವರಿಗೆ ಮನಸ್ಸಿಲ್ಲ. ನಮ್ಮ ಕಟ್ಟಡದ ಸೆಕ್ಯುರಿಟಿಯವನು ಯಾದಗಿರಿ ಕಡೆಯವನು. ಅವನದು ರಾಜ್ಯದ ಎರಡನೇ ಹಂತ, ಮೇ 7. ಎರಡು ದಿನದ ಸಂಬಳ ಬಿಟ್ಟು, ರಾತ್ರಿ ಬಸ್ಸಿಗೆ ಸಾವಿರಕ್ಕೂ ಮೇಲೆ ಕೊಟ್ಟು ಹೋಗಿಬಂದ. ನಮ್ಮವರಿಗೆ ಬೂತು ನಾನೂರು ಹೆಜ್ಜೆ.

ಒಟ್ಟು ಖರ್ಚು ಈ ಸಲ 2,300 ರೂಪಾಯಿ: ಜೆರಾಕ್ಸು, ಚೀಲ, ಟೋಕನ್ನು, ಮೆಟ್ಟಿಲ ಹೆಂಗಸರಿಗೆ ಎರಡು ಸಲ ಕಾಫಿ ತಿಂಡಿ. ಹೆಚ್ಚಿಗೆ ಬಂದ ಒಂದೊಂದು ವೋಟಿಗೆ ಹದಿನೆಂಟು ರೂಪಾಯಿ ಬಿತ್ತು.

ಏಪ್ರಿಲ್ 26, ಶುಕ್ರವಾರ. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಮಧ್ಯಾಹ್ನ ಮೂರಕ್ಕೆ 470 ಆಗಿದೆ ಅಂತ ಏಜೆಂಟರೊಬ್ಬರು ಹೇಳಿದಾಗ ನನ್ನ ಕೈಕಾಲು ತಣ್ಣಗಾಯಿತು. ಹೊಣೆಯವರಿಗೆಲ್ಲ ಫೋನ್ ಮಾಡಿದೆ, ಐದು ಗಂಟೆಯ ಪಟ್ಟಿ ತೆಗೆಯಿರಿ ಅಂತ. ಬಿಸಿಲು ಇಳಿಯುತ್ತಿದ್ದಂತೆ ಜನ ಬರತೊಡಗಿದರು. ಟೈಲರ್ ಅಂಗಡಿಯಲ್ಲಿ ಚೀಲ ಸಾಲದೆ ಕವರಿನಲ್ಲಿ ಫೋನ್ ಕಟ್ಟಿದೆವು.

ಆರಕ್ಕೆ ನಾನು ಗೇಟಿನಾಚೆ ರಸ್ತೆಯಲ್ಲಿ ನಿಂತಿದ್ದೆ. ಪಿಆರ್‌ಒ ಹೊರಗೆ ಬಂದಳು, ಚಿಕ್ಕ ವಯಸ್ಸಿನವಳು, ಕೈಯಲ್ಲಿ ಚೀಟಿ. ಸಾಲಿನ ಉದ್ದಕ್ಕೂ ನಡೆದು ಬಾಲದ ಹತ್ತಿರ ಬಂದಳು. ಅಲ್ಲಿ ನಿಂತಿದ್ದವನು ಎರಡನೇ ಮಹಡಿಯ ಹುಡುಗ, ಆಫೀಸಿನ ಬ್ಯಾಡ್ಜು ಕತ್ತಿನಲ್ಲೇ ಇತ್ತು. 1ನೇ ನಂಬರಿನ ಚೀಟಿ ಅವನ ಕೈಗೆ ಬಂತು. ತಿರುಗಿಸಿ ಮುರುಗಿಸಿ ನೋಡಿ, ಗೇಟಿನಾಚೆ ನನ್ನತ್ತ ಎತ್ತಿ ಹಿಡಿದು, "ಆಂಟಿ, ಕೊನೆಗೆ ಬಂದವನಿಗೆ ಯಾಕೆ ಒಂದನೇ ನಂಬರು?" ಅಂತ ಕೂಗಿದ. ಅವನಿಗಿಂತ ಮುಂದೆ ಇನ್ನೂ ಹದಿಮೂರು ಜನ ಇದ್ದರು.