ನಗರದ ಹಳ್ಳದಲ್ಲಿ ಕಯಾಕ್: ನಾನು ದಡ ಹುಡುಕುವ ಬಗೆ

ನಗರದೊಳಗಿನ ಹಳ್ಳದಲ್ಲಿ ಕಯಾಕ್, ಅಂದರೆ ಒಬ್ಬಿಬ್ಬರು ಕುಳಿತು ಹುಟ್ಟು ಹಾಕುವ ಕಿರಿದಾದ ದೋಣಿ, ನಡೆಸುವವರಿಗೆ ಹುಟ್ಟು ಹಾಕುವ ಕೌಶಲಕ್ಕಿಂತ ಮೊದಲು ಬೇಕಾಗುವುದು ದಡದ ಪರಿಚಯ. ಕೆರೆಯಲ್ಲಿ ದಣಿದರೆ ಹತ್ತಿರದ ದಡ ಸೇರಬಹುದು. ನಗರದ ಹಳ್ಳದ ಎರಡೂ ಬದಿಯಲ್ಲಿ ಕಾಂಕ್ರೀಟ್ ಗೋಡೆಯೋ ತಂತಿಬೇಲಿಯೋ ಯಾರದೋ ಹಿತ್ತಲೋ ಇರುವುದರಿಂದ, ಒಮ್ಮೆ ನೀರಿಗಿಳಿದ ಮೇಲೆ ಹೊರಬರುವ ದಾರಿ ಕೆಲವೇ ಕಡೆ ಸಿಗುತ್ತದೆ. ಆದ್ದರಿಂದ ಹೊಸ ಹಳ್ಳವೊಂದನ್ನು ಆರಿಸಿಕೊಂಡಾಗ ನಾನು ಉಪಗ್ರಹ ನಕ್ಷೆಯಲ್ಲಿ ಗುರುತು ಮಾಡಿಕೊಂಡು, ದೋಣಿಯಿಲ್ಲದೆ ದಡದುದ್ದಕ್ಕೂ ನಡೆದು ನೋಡುತ್ತೇನೆ. ಹೊರಬರುವ ಜಾಗ ಖಚಿತವಾದ ಮೇಲಷ್ಟೇ ಇಳಿಯುವ ಜಾಗದ ಹುಡುಕಾಟ.

ನೀರಿನ ಮಟ್ಟದಿಂದ ದಡ ಸುಮಾರು 30 ಸೆಂಟಿಮೀಟರಿಗಿಂತ ಎತ್ತರವಿಲ್ಲದೆ, ನೆಲ ಜಲ್ಲಿಯದಾಗಿ ಇಳಿಜಾರಾಗಿದ್ದರೆ ಹತ್ತಿ ಇಳಿಯುವುದು ಸುಲಭ. ಪಾಚಿ ಕಟ್ಟಿದ ಮೆಟ್ಟಿಲಿಗಿಂತ ಕೆಸರೇ ವಾಸಿ ಎಂಬುದು ನನ್ನ ಅಭಿಪ್ರಾಯ. ಗಟ್ಟಿ ಪ್ಲಾಸ್ಟಿಕ್ಕಿನ ಸಾಮಾನ್ಯ ಕಯಾಕ್ 20ರಿಂದ 25 ಕಿಲೋ ತೂಗುವುದರಿಂದ, ವಾಹನ ನಿಲ್ಲಿಸುವ ಜಾಗ ದೂರವಿದ್ದರೆ ಎರಡು ಚಕ್ರದ ಚಿಕ್ಕ ಗಾಡಿಯೊಂದು ಬೇಕಾಗುತ್ತದೆ.

ಅನುಮತಿಯ ವಿಷಯ ಇನ್ನಷ್ಟು ಸೂಕ್ಷ್ಮವಾದದ್ದು. ನೀರು ಸಾರ್ವಜನಿಕವಾಗಿದ್ದರೂ ಅದರ ದಡ ಖಾಸಗಿಯಾಗಿರಬಹುದು, ಇಲ್ಲವೇ ಮಳೆನೀರು ಕಾಲುವೆಯನ್ನು ನೋಡಿಕೊಳ್ಳುವ ಇಲಾಖೆಯ ವಶದಲ್ಲಿರಬಹುದು; ಆದ್ದರಿಂದ ಇಬ್ಬರನ್ನೂ ಬೇರೆಬೇರೆಯಾಗಿ ಕೇಳುತ್ತೇನೆ. ಕಾಂಕ್ರೀಟ್ ಕಾಲುವೆಯಂತಾಗಿದ್ದ ಲಾಸ್ ಏಂಜಲೀಸ್ ನದಿಯಲ್ಲಿ 2008ರಲ್ಲಿ ಕೆಲವರು ಕಯಾಕ್ ನಡೆಸಿ ತೋರಿಸಿದರು. 2010ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಜಲಸಂರಕ್ಷಣಾ ಕಾನೂನಿನ ಮಟ್ಟಿಗೆ ಅದನ್ನು ನೌಕಾಯಾನಕ್ಕೆ ಯೋಗ್ಯವಾದ ನದಿಯೆಂದು ಘೋಷಿಸಿತು. ಆದರೂ 2013ರಲ್ಲಿ ಜನರಿಗೆ ಮುಕ್ತವಾದದ್ದು ಅದರ ಒಂದು ಭಾಗ ಮಾತ್ರ.

ನಡೆದು ನೋಡುವಾಗ ನಾನು ಹೆಚ್ಚು ಹೊತ್ತು ನಿಲ್ಲುವುದು ಒಡ್ಡುಗಳ ಬಳಿ. ಮೇಲಿನಿಂದ ನೀರು ನುಣ್ಣಗೆ ಜಾರುವ ಗಿಡ್ಡ ಒಡ್ಡು ನಿರುಪದ್ರವಿಯಂತೆ ಕಾಣುತ್ತದೆ. ಆದರೆ ಕೆಳಗೆ ಬಿದ್ದ ನೀರು ಮತ್ತೆ ಒಡ್ಡಿನ ಕಡೆಗೇ ಹೊರಳುವುದರಿಂದ, ಅಲ್ಲಿ ಸಿಕ್ಕಿಕೊಂಡ ದೋಣಿಯನ್ನೂ ಮನುಷ್ಯನನ್ನೂ ಅದು ಹೊರಗೆ ಬಿಡುವುದಿಲ್ಲ. ಹಾಗಾಗಿ ಒಡ್ಡು ಎಷ್ಟೇ ಚಿಕ್ಕದಿರಲಿ, ಅದಕ್ಕೆ ಸಾಕಷ್ಟು ಮೊದಲೇ ದಡ ಹತ್ತಿ ದೋಣಿಯನ್ನು ಹೊತ್ತು ಸಾಗಿಸುತ್ತೇನೆ. ಹಾಗೆ ಹತ್ತಲು ಜಾಗವಿಲ್ಲದ ಹಳ್ಳ ನನ್ನ ಲೆಕ್ಕದಲ್ಲಿ ಕಯಾಕಿಗೆ ಸೇರಿದ್ದಲ್ಲ. ಆಚೆಯ ತುದಿ ಕಾಣದ ಮೋರಿಯೊಳಗೂ ಹೋಗುವುದಿಲ್ಲ. ಬಿದ್ದ ಮರದ ಕೊಂಬೆಗಳು ಜರಡಿಯಂತೆ ನೀರನ್ನು ಬಿಟ್ಟು ದೋಣಿಯನ್ನು ಹಿಡಿದುಕೊಳ್ಳುತ್ತವೆ, ಆದ್ದರಿಂದ ಅವುಗಳಿಂದಲೂ ದೂರವಿರುತ್ತೇನೆ.

ಮಳೆ ಬಂದರೆ ಎಲ್ಲವೂ ಬದಲಾಗುತ್ತದೆ. ಡಾಂಬರು ಮತ್ತು ಕಾಂಕ್ರೀಟು ನೀರನ್ನು ಹೀರುವುದಿಲ್ಲವಾದ್ದರಿಂದ, ಮೇಲ್ಭಾಗದಲ್ಲಿ ಸುರಿದ ಮಳೆ ಬಹು ಬೇಗನೆ ಹಳ್ಳಕ್ಕೆ ನುಗ್ಗುತ್ತದೆ. ಇಲ್ಲಿ ಬಿಸಿಲಿದ್ದರೂ ನೀರು ಏರಬಹುದು. ಆ ನೀರಿನೊಡನೆ ರಸ್ತೆಯ ಎಣ್ಣೆ ಮತ್ತು ಕಸ ಬರುತ್ತದೆ. ಕೆಲವು ನಗರಗಳಲ್ಲಿ ಒಳಚರಂಡಿಯ ನೀರೂ ಸೇರುತ್ತದೆ. ಇಲಿಜ್ವರದ ಸೋಂಕು ಚರ್ಮದ ಗಾಯದ ಮೂಲಕವೂ ತಗಲುವುದರಿಂದ, ಜೋರು ಮಳೆಯ ನಂತರ 48ರಿಂದ 72 ಗಂಟೆ ಕಾಯುತ್ತೇನೆ, ಕೈಯಲ್ಲಿ ತೆರೆದ ಗಾಯವಿದ್ದರೆ ಆ ದಿನ ಇಳಿಯುವುದೇ ಇಲ್ಲ. ಲೈಫ್ ಜಾಕೆಟ್ ಮಾತ್ರ ಮೊಣಕಾಲು ಆಳದ ನೀರಿನಲ್ಲೂ ಮೈಮೇಲಿರುತ್ತದೆ.

ಕಡಲಿಗೆ ಸೇರುವ ಹಳ್ಳವಾದರೆ ಉಬ್ಬರ ಇಳಿತದ ವೇಳಾಪಟ್ಟಿಯನ್ನೂ ನೋಡಬೇಕು. ಉಬ್ಬರದೊಡನೆ ಒಳಕ್ಕೆ ಹೋಗಿ ಇಳಿತದೊಡನೆ ಮರಳುವುದು ಶ್ರಮ ಉಳಿಸುವ ಕ್ರಮ. ಆದರೆ ತುಂಬು ಉಬ್ಬರದಲ್ಲಿ ಸೇತುವೆಯಡಿ ತಲೆ ತಾಗಬಹುದು, ಪೂರ್ತಿ ಇಳಿತದಲ್ಲಿ ಹತ್ತುವ ಜಾಗದ ಮುಂದೆ ಕಾಲು ಹೂಳುವ ಕೆಸರು ತೆರೆದುಕೊಳ್ಳಬಹುದು. ಆದ್ದರಿಂದ ದಡ ನೋಡುವ ಕೆಲಸವನ್ನು ಎರಡೂ ವೇಳೆಯಲ್ಲಿ ಮಾಡುತ್ತೇನೆ. ಮರಳಿದ ಮೇಲೆ ದೋಣಿಯನ್ನೂ ಹುಟ್ಟನ್ನೂ ಶುದ್ಧ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸುತ್ತೇನೆ; ಇಲ್ಲವಾದರೆ ಒಂದು ಹಳ್ಳದ ಕಳೆ ಇನ್ನೊಂದಕ್ಕೆ ದೋಣಿಯ ಮೂಲಕವೇ ತಲುಪುತ್ತದೆ.