ಹ್ಯಾಗರ್ಡ್ ಅಂದರೆ ಕಣ

ಡಬ್ಲಿನ್‌ಗೆ ಬಂದ ಮೊದಲ ಚಳಿಗಾಲ. ನಾಲ್ಕೂವರೆಗೆಲ್ಲ ಕತ್ತಲು. ಹೊತ್ತು ಹೋಗಲಿ ಅಂತ ಸುಮ್ನೆ ಶುರು ಮಾಡಿದ ಕೆಲಸ ಇದು. ಐರ್ಲೆಂಡಿನ ಜಾನಪದ ಸಂಗ್ರಹಗಳನ್ನು ಇಟ್ಟಿರುವ 'ದೂಖಸ್' ಜಾಲತಾಣದಲ್ಲಿ ಹಳೆಯ ಶಾಲಾ ನೋಟ್‌ಬುಕ್‌ಗಳ ಪುಟಗಳಿವೆ. ಅವನ್ನು ನೋಡಿಕೊಂಡು ಟೈಪ್ ಮಾಡಬೇಕು. ದುಡ್ಡು ಕಾಸು ಏನಿಲ್ಲ, ಇಷ್ಟ ಇದ್ದವರು ಯಾರು ಬೇಕಾದರೂ ಮಾಡಬಹುದು.

1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ ಇಲ್ಲಿನ ಪ್ರೈಮರಿ ಶಾಲೆಗಳ ದೊಡ್ಡ ಮಕ್ಕಳಿಗೆ ಒಂದು ಕೆಲಸ ಹಚ್ಚಿತ್ತು. ಮಾಮೂಲಿ ಪ್ರಬಂಧ ಬಿಡಿ, ಮನೆಯ ಅಜ್ಜಿಯನ್ನೋ ಪಕ್ಕದ ಮನೆಯ ಮುದುಕರನ್ನೋ ಕೇಳಿ ಬರೆದುಕೊಂಡು ಬನ್ನಿ ಅಂತ. ಸುಮಾರು 5,000 ಶಾಲೆ, 50,000 ಮಕ್ಕಳು! 1840ರ ದಶಕದ ಆಲೂಗಡ್ಡೆ ಕ್ಷಾಮದ ನೆನಪು, ಹೂತಿಟ್ಟ ನಿಧಿ, ನಾಟಿ ಔಷಧಿ, ಮಳೆಯ ಸೂಚನೆ ಎಲ್ಲ ಬರೆದು ತಂದರು. ಕೇಳಿದ್ದು ಯಾರನ್ನು, ಅವರ ವಯಸ್ಸೆಷ್ಟು ಅಂತ ಎಷ್ಟೋ ಪುಟಗಳ ಕೊನೆಯಲ್ಲಿ ಇರುತ್ತದೆ.

ಐರಿಷ್ ಭಾಷೆಯ ಪುಟಗಳ ತಂಟೆಗೆ ನಾನು ಹೋಗಲ್ಲ, ಇಂಗ್ಲಿಷಿನವೇ ರಾಶಿ ಇವೆ. ಮೊದಲು ಪುಟ ಪೂರ್ತಿ ಓದುತ್ತೇನೆ. ಒಂದು ಅಕ್ಷರ ಗೊತ್ತಾಗದಿದ್ದರೆ ಆ ಮಗು ಅದನ್ನೇ ಬೇರೆ ಎಲ್ಲಿ ಬರೆದಿದೆ ನೋಡುತ್ತೇನೆ. ಫೋನಿನಲ್ಲಿ ಆಗುವ ಕೆಲಸ ಅಲ್ಲ, ಕಣ್ಣು ಹೋಗುತ್ತದೆ.

ಕಾಗುಣಿತ ತಪ್ಪಿದ್ದರೂ ಇದ್ದ ಹಾಗೇ ಟೈಪ್ ಮಾಡಬೇಕು. ಇದು ನನಗೆ ಏಟು ತಿಂದು ಬಂದ ಬುದ್ಧಿ. ಒಬ್ಬ ಹುಡುಗ, ಹುಲ್ಲನ್ನು 'ಹ್ಯಾಗರ್ಡ್'ಗೆ ತಂದರು ಅಂತ ಬರೆದಿದ್ದ. ನನಗೆ ಗೊತ್ತಿದ್ದ ಹ್ಯಾಗರ್ಡ್ ಅಂದರೆ ಸೊರಗಿದ ಮುಖ. ಪಾಪ, ಏನೋ ತಪ್ಪು ಬರೆದಿದ್ದಾನೆ ಅಂತ ಮೂರು ಪುಟದಲ್ಲಿ 'ಗಾರ್ಡನ್' ಅಂತ ತಿದ್ದಿಬಿಟ್ಟೆ. ಆಮೇಲೆ ಊಟದ ಹೊತ್ತಿಗೆ ಹಳ್ಳಿ ಕಡೆಯ ಸಹೋದ್ಯೋಗಿಯೊಬ್ಬರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. ಹ್ಯಾಗರ್ಡ್ ಅಂದರೆ ಇಲ್ಲಿ ಮನೆ ಪಕ್ಕ ಬಣವೆ ಒಟ್ಟುವ ಜಾಗ. ನಮ್ಮ ಕಣ ಇದ್ದ ಹಾಗೆ! ಹುಡುಗ ಸರಿಯಾಗೇ ಬರೆದಿದ್ದ. ಅವತ್ತೇ ರಾತ್ರಿ ಮೂರನ್ನೂ ಮೊದಲಿನಂತೆ ಮಾಡಿದೆ.

ನನಗೆ ಜಾಸ್ತಿ ಇಷ್ಟ ಬೆಣ್ಣೆಯ ಪುಟಗಳು. ಎತ್ತರದ ಮರದ ಪಾತ್ರೆ, ಮುಚ್ಚಳದ ತೂತಿನಿಂದ ಒಂದು ಕೋಲು. ಅದನ್ನು ಮೇಲೆ ಕೆಳಗೆ ಕುಟ್ಟಬೇಕು, ನಮ್ಮ ಕಡಗೋಲಿನ ಹಾಗೆ ತಿರುಗಿಸುವುದಲ್ಲ. ಬೆಣ್ಣೆ ತೆಗೆಯುವಾಗ ಮನೆಗೆ ಯಾರೇ ಬಂದರೂ ನಾಲ್ಕು ಸಲ ಕುಟ್ಟಿಯೇ ಹೋಗಬೇಕು. ಇಲ್ಲದಿದ್ದರೆ ಬೆಣ್ಣೆ ಅವರ ಹಿಂದೆ ಹೋಗುತ್ತದಂತೆ. ಮೇ 1ರಂದು ಹಾಲು, ಕೆಂಡ ಏನನ್ನೂ ಹೊರಗೆ ಕೊಡುವಂತಿಲ್ಲ. ಕೊಟ್ಟರೆ ವರ್ಷದ ಬೆಣ್ಣೆಯೆಲ್ಲ ತೆಗೆದುಕೊಂಡವರ ಪಾಲು.

ಇದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. "ನಮ್ಮನೇಲೂ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡ್ತಿರಲಿಲ್ಲ, ಅಲ್ವಾ?"

"ನಿಮ್ಮಜ್ಜಿ ಕೊಡ್ತಿರಲಿಲ್ಲ," ಅಂದರು ಅಮ್ಮ. "ನಾನು ಹಿತ್ತಲ ಬಾಗಿಲಲ್ಲಿ ಕೊಡ್ತಿದ್ದೆ."